ನೀರು ಟೆಸ್ಟ್ ಮಾಡುವವನು ಸಮಾಜಶಾಸ್ತ್ರ ಓದಿದರೆ ಪ್ರಯೋಜನ ಉಂಟಾ?

ಬಾವಿಕಟ್ಟೆ (ಕಾಟಿಪಳ್ಳ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು. ಪುರುಸೊತ್ತು ಇದ್ದವರು ಓದಿ.

ನನಗೆ 29 ವರ್ಷ. ಬಿ.ಎಸ್ಸಿ. ಕೆಮಿಸ್ಟ್ರಿ ಮಾಡಿ ಆರು ವರ್ಷದಿಂದ ಒಂದು ಖಾಸಗಿ ಲ್ಯಾಬ್‌ನಲ್ಲಿ ಇದ್ದೇನೆ. ಬಾವಿ, ಬೋರ್‌ವೆಲ್, ಟ್ಯಾಂಕರ್ ನೀರು ಟೆಸ್ಟ್ ಮಾಡುವ ಕೆಲಸ. ಬೆಳಿಗ್ಗೆ ಬೈಕಿನ ಹಿಂದೆ ಐಸ್ ಬಾಕ್ಸ್ ಕಟ್ಟಿಕೊಂಡು ಸ್ಯಾಂಪಲ್ ತರುವುದು, ಮಧ್ಯಾಹ್ನ ಊಟ ಆದ ಮೇಲೆ ಲ್ಯಾಬ್‌ನಲ್ಲಿ ಕೂರುವುದು. ಪಿ.ಹೆಚ್., ಟಿ.ಡಿ.ಎಸ್., ಕ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ (ನೀರಿಗೆ ಕೊಳೆ ಸೇರಿದ ಸೂಚನೆ ಕೊಡುವ ಬ್ಯಾಕ್ಟೀರಿಯಾ). ನಮ್ಮ ಮುರಕಲ್ಲಿನ ಬಾವಿಗಳ ಪಿ.ಹೆಚ್. ಹೆಚ್ಚಾಗಿ 6.5ಕ್ಕಿಂತ ಕೆಳಗೇ ಬರುತ್ತದೆ. ಅದನ್ನು ನೋಡಿ ಜನ ಹೆದರುತ್ತಾರೆ, ನಾನು ಸಮಾಧಾನ ಹೇಳುತ್ತೇನೆ. ಮಳೆಗಾಲದಲ್ಲಿ ಕೋಲಿಫಾರ್ಮ್, ಬೇಸಿಗೆಯಲ್ಲಿ ಅಳಿವೆ ಬದಿಯ ಬಾವಿಗಳಲ್ಲಿ ಉಪ್ಪು. ನನ್ನ ವರ್ಷ ಹೀಗೆ ಕಳೆಯುತ್ತದೆ.

ಕಳೆದ ಆಗಸ್ಟ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಬಾವಿ ನೀರು ತರಲು ಹೋಗಿದ್ದೆ. ಊರ ಹೆಸರು ಬೇಡ. ಗುಡ್ಡೆಯ ಮೇಲೆ ಅಪಾರ್ಟ್‌ಮೆಂಟ್, ಕೆಳಗೆ ತೋಡಿನ ಬದಿಯಲ್ಲಿ ಸಣ್ಣ ಕಾಲೊನಿ. ನಾನು ಬಾಟ್ಲಿಗೆ ನಂಬರ್ ಬರೆಯುತ್ತಿದ್ದಾಗ ಕೆಳಗಿನಿಂದ ಒಬ್ಬರು ಅಜ್ಜಿ ಹತ್ತಿ ಬಂದರು. ಅಪಾರ್ಟ್‌ಮೆಂಟ್‌ನಲ್ಲಿ ನೆಲ ಒರೆಸುವ ಕೆಲಸಕ್ಕೆ ಬರುವವರಂತೆ. ನಾನು ಎಂತ ಮಾಡುತ್ತಿದ್ದೇನೆ ಎಂದು ಕೇಳಿದರು. ಹೇಳಿದೆ. "ನಮ್ಮ ಬಾವಿಯದ್ದೂ ಒಮ್ಮೆ ನೋಡ್ತೀರಾ ಮಗ? ಮಕ್ಕಳಿಗೆ ಹೊಟ್ಟೆ ಸರಿ ಇಲ್ಲ" ಎಂದು ತುಳುವಿನಲ್ಲಿ ಕೇಳಿದರು.

ಕೆಳಗೆ ಹೋಗಿ ನೋಡಿದೆ. ಮೇಲಿನ ಬಾವಿಯಿಂದ ನೂರು ಹೆಜ್ಜೆ ಇರಬಹುದು. ಬಾವಿಗೆ ಕಟ್ಟೆ ಇದೆ, ಬಲೆ ಇಲ್ಲ. ಒಂದು ಬದಿಗೆ ನಾಲ್ಕು ಮನೆಯ ಪಾಯಿಖಾನೆ ಗುಂಡಿ. ನನ್ನಲ್ಲಿ ಒಂದು ಸ್ಟೆರೈಲ್ ಬಾಟ್ಲಿ ಹೆಚ್ಚಿಗೆ ಇತ್ತು. ತುಂಬಿಸಿ ಐಸ್‌ನಲ್ಲಿ ಇಟ್ಟೆ. ಲ್ಯಾಬ್‌ಗೆ ಬಂದರೆ, ಫಾರ್ಮ್ ಇಲ್ಲದ, ಹಣ ಕಟ್ಟದ ಸ್ಯಾಂಪಲ್ ತೆಗೆದುಕೊಳ್ಳುವ ಕ್ರಮ ಇಲ್ಲ ಎಂದರು. ಅವರು ಹೇಳಿದ್ದೂ ತಪ್ಪಲ್ಲ, ನಿಯಮ ಹಾಗೇ ಇರುವುದು. ನೀರನ್ನು ಸಿಂಕ್‌ಗೆ ಚೆಲ್ಲಿದೆ. ಚೆಲ್ಲಿದ್ದು ನಾನೇ.

ಅದು ಬಿಟ್ಟರೂ ಬಿಡದ ಹಾಗೆ ತಲೆಯಲ್ಲಿ ಕೂತಿದೆ. ನೀರಿನಲ್ಲಿ ಏನಿದೆ ಎಂದು ಹೇಳಲು ನನಗೆ ಬರುತ್ತದೆ. ಹಾಳು ನೀರು ಯಾವಾಗಲೂ ಅದೇ ತರಹದ ಓಣಿಗಳಲ್ಲಿ ಯಾಕೆ ಇರುತ್ತದೆ ಎಂದು ಕೇಳಿದರೆ ಉತ್ತರ ಇಲ್ಲ. ರಿಪೋರ್ಟ್‌ನಲ್ಲಿ ಅದಕ್ಕೆ ಕಾಲಂ ಇಲ್ಲ.

ಇನ್ನೊಂದು ಕಾರಣವೂ ಉಂಟು. ನನ್ನ ಅಜ್ಜಿ ಪಣಂಬೂರಿನವರು. ಹೊಸ ಬಂದರಿಗೆ ಜಾಗ ಹೋದಾಗ ಕಾಟಿಪಳ್ಳ, ಕೃಷ್ಣಾಪುರಕ್ಕೆ ಬಂದವರಲ್ಲಿ ನಮ್ಮವರೂ ಇದ್ದರು. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದರು. ಹಾಗಾಗಿ ಇದೆಲ್ಲ ನನಗೆ ಪುಸ್ತಕದ ವಿಷಯ ಅಲ್ಲ.

ಈಗ ಎಂ.ಎ. ಸಮಾಜಶಾಸ್ತ್ರ ಮಾಡುವ ಆಲೋಚನೆ. ಕೆಲಸ ಬಿಡಲು ಆಗುವುದಿಲ್ಲ, ದೂರಶಿಕ್ಷಣ ಆಗಬೇಕು. ಅಮ್ಮ "ಇನ್ನೆಂತ ಓದುವುದು, ಮೊದಲು ಮದುವೆ" ಎನ್ನುತ್ತಿದ್ದಾರೆ. ಪರಿಸರದ ಸಮಸ್ಯೆ ಅರ್ಥ ಮಾಡಿಕೊಳ್ಳಲು ಸಮಾಜಶಾಸ್ತ್ರ ನಿಜಕ್ಕೂ ಸಹಾಯ ಮಾಡುತ್ತದಾ? ಓದಿದವರು ಹೇಳಿ.

ಸೈಟ್ ಇಂಜಿನಿಯರ್ (ಕದ್ರಿ)

ಬೇಜಾರು ಮಾಡಬೇಡಿ ಮಾರಾಯ್ರೆ, ನೇರ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ: ಪಾಯಿಖಾನೆ ಗುಂಡಿ ಬಾವಿಯ ಹತ್ತಿರ ಇದೆ. ಬಾವಿಗೂ ಗುಂಡಿಗೂ ಕಡಿಮೆ ಎಂದರೂ 15 ಮೀಟರ್ ಬಿಡಿ ಎಂದು ನಾವು ಎಲ್ಲ ಸೈಟ್‌ನಲ್ಲೂ ಬಡಿದುಕೊಳ್ಳುತ್ತೇವೆ. ಯಾರೂ ಕೇಳುವುದಿಲ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಕಟ್ಟೆ ಸುತ್ತ ಸಿಮೆಂಟ್ ಮಾಡಿ, ಗುಂಡಿ ದೂರ ತೆಗೆಯಿರಿ. ಮೂರು ದಿನದ ಕೆಲಸ. ಇದಕ್ಕೆ ಎರಡು ವರ್ಷದ ಎಂ.ಎ. ಯಾಕೆ? ಓದುವುದೇ ಆದರೆ ಎನ್ವಿರಾನ್‌ಮೆಂಟಲ್ ಸೈನ್ಸ್ ಓದಿ, ಅದರಲ್ಲಿ ಕೆಲಸವಾದರೂ ಸಿಗುತ್ತದೆ.

ನಿವೃತ್ತ ಮಾಸ್ಟ್ರು (ಉಡುಪಿ)

ನಾನು 31 ವರ್ಷ ಡಿಗ್ರಿ ಮಕ್ಕಳಿಗೆ ಸಮಾಜಶಾಸ್ತ್ರ ಹೇಳಿಕೊಟ್ಟವನು. ಇಂಜಿನಿಯರ್ ಸಾಹೇಬರು ಹೇಳಿದ್ದು ಸರಿಯೇ. ಗುಂಡಿ ಹತ್ತಿರ ಇದೆ, ನೀರು ಹಾಳಾಗಿದೆ. ಅಲ್ಲಿಂದಲೇ ಶುರು ಮಾಡುವ.

ಒಂದು ಸಣ್ಣ ಲೆಕ್ಕ. ಅಂಥ ಕಾಲೊನಿಯಲ್ಲಿ ಒಂದು ಮನೆಗೆ ಮೂರು ಸೆಂಟ್ಸ್ ಜಾಗ ಇದೆ ಎಂದು ಇಟ್ಟುಕೊಳ್ಳಿ. ಮೂರು ಸೆಂಟ್ಸ್ ಎಂದರೆ ಸುಮಾರು 121 ಚದರ ಮೀಟರ್. ಜಾಗ ಚೌಕವಾಗಿದ್ದರೆ ಒಂದೊಂದು ಬದಿ 11 ಮೀಟರ್. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದರೆ ಹದಿನೈದೂವರೆ. ಅಂದರೆ ಬಾವಿಯನ್ನು ಒಂದು ಮೂಲೆಗೆ, ಗುಂಡಿಯನ್ನು ಎದುರು ಮೂಲೆಗೆ ಒತ್ತಿ ಇಟ್ಟರೆ ಮಾತ್ರ ನಿಮ್ಮ 15 ಮೀಟರ್ ಸಿಗುತ್ತದೆ. ನಡುವೆ ಮನೆ ಇರಬೇಕು. ಮತ್ತೆ ಪಕ್ಕದ ಮನೆಯವರ ಗುಂಡಿ? ಅದು ನಿಮ್ಮ ಬಾವಿಯ ಮೂಲೆಯಲ್ಲೇ ಇರುತ್ತದೆ. ಅವರು "ಕೇಳದೆ" ಇರುವುದಲ್ಲ, ಕೇಳಲು ಜಾಗವೇ ಇಲ್ಲ.

ಹಾಗಾದರೆ ಜಾಗ ಯಾಕೆ ಮೂರೇ ಸೆಂಟ್ಸ್? ಈಗ ನೋಡಿ, ಕೆಮಿಸ್ಟ್ರಿ ಮುಗಿಯಿತು, ಇಂಜಿನಿಯರಿಂಗ್ ಕೂಡ ಮುಗಿಯಿತು. ನಮ್ಮ ಜಿಲ್ಲೆಗಳಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ದೊಡ್ಡ ಬದಲಾವಣೆ ತಂದಿತು. ದೇವರಾಜ ಅರಸರ ಕಾಲ. ಗೇಣಿಗೆ ಮಾಡುತ್ತಿದ್ದವರು ಭೂ ಟ್ರಿಬ್ಯೂನಲ್‌ಗೆ ಡಿಕ್ಲರೇಷನ್ ಕೊಟ್ಟು ಒಡೆಯರಾದರು. ನನ್ನ ತಂದೆಗೂ ಹಾಗೇ ಗದ್ದೆ ಬಂತು, ಆ ಗದ್ದೆಯ ಅಕ್ಕಿ ತಿಂದೇ ನಾನು ಮಾಸ್ಟ್ರಾದದ್ದು. ಆದರೆ ಡಿಕ್ಲರೇಷನ್ ಕೊಡಲು ಗೇಣಿದಾರ ಆಗಿರಬೇಕು. ನಮ್ಮದೇ ಗದ್ದೆಯಲ್ಲಿ ನೇಜಿ ನೆಟ್ಟವರು ಗೇಣಿದಾರರಲ್ಲ, ಕೂಲಿಯವರು. ಅವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಮನೆ ಅಡಿಸ್ಥಳ. ಕೊರಗ ಬುಡಕಟ್ಟಿನವರ ಪಾಲಿಗಂತೂ ಅದೂ ಕಷ್ಟವೇ ಇತ್ತು. ಅವರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕಾನೂನು ಬಂದದ್ದೇ 2000ದಲ್ಲಿ. ಇಸವಿ ಇನ್ನೊಮ್ಮೆ ಓದಿ.

ಹೀಗೆ ಬಂದ ಜಾಗ ಎಲ್ಲಿರುತ್ತದೆ? ತೋಡಿನ ಬದಿ, ಗುಡ್ಡೆಯ ಬುಡ, ಬೇರೆಯವರಿಗೆ ಬೇಡವಾದ ತುಂಡು. ಮೇಲಿನಿಂದ ನೀರು ಇಳಿದು ಬರುವುದು ಅಲ್ಲಿಗೇ. ನಿಮ್ಮ ಕೋಲಿಫಾರ್ಮ್ ಕೌಂಟ್‌ನಲ್ಲಿ ಐವತ್ತು ವರ್ಷ ಹಿಂದಿನ ಒಂದು ಟ್ರಿಬ್ಯೂನಲ್‌ನ ಕಾಗದವೂ ಕರಗಿದೆ ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದರೆ ಮಕ್ಕಳು ನಗುತ್ತಿದ್ದರು. ಈಗ ಇಲ್ಲಿ ಹೇಳಿದರೆ ನಗುವವರು ಇಲ್ಲ, ಹೇಳಿಬಿಟ್ಟೆ.

ಇನ್ನೊಂದು ಕತೆ. 1979ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕರಿಯ ಜನರ ಬಡಾವಣೆಯ ಹತ್ತಿರ ಕಸದ ಗುಂಡಿ ಮಾಡಲು ಹೊರಟರು. ಜನ ಕೋರ್ಟಿಗೆ ಹೋದರು. ಅವರ ವಕೀಲೆ ಲಿಂಡಾ ಬುಲಾರ್ಡ್. ಆಕೆಯ ಗಂಡ ರಾಬರ್ಟ್ ಬುಲಾರ್ಡ್, ಅಲ್ಲೇ ಸಮಾಜಶಾಸ್ತ್ರದ ಮಾಸ್ಟ್ರು. ಊರಿನ ಕಸ ಇಷ್ಟು ವರ್ಷ ಎಲ್ಲೆಲ್ಲಿ ಹಾಕಿದ್ದಾರೆ ಎಂಬ ಲೆಕ್ಕ ಬೇಕು ಎಂದರು ಹೆಂಡತಿ. ಗಂಡ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳೆ ಕಡತ, ನಕ್ಷೆ ಹುಡುಕಿದರು. ನಗರದವರೇ ನಡೆಸುತ್ತಿದ್ದ 5 ಕಸದ ಗುಂಡಿಗಳಲ್ಲಿ ಐದಕ್ಕೆ ಐದೂ ಕರಿಯರ ಬಡಾವಣೆಗಳಲ್ಲಿ. ಕಸ ಸುಡುವ 8 ಘಟಕಗಳಲ್ಲಿ 6. ಊರಿನ ಜನಸಂಖ್ಯೆಯಲ್ಲಿ ಅವರು ಇದ್ದದ್ದು ಕಾಲು ಭಾಗ. ಕೇಸು ಮಾತ್ರ ಸೋತರು. ಆದರೆ "ಪರಿಸರ ನ್ಯಾಯ" ಎಂದು ಈಗ ನಾವು ಕರೆಯುವ ಓದು ಬೆಳೆದದ್ದು ಇಂಥ ಲೆಕ್ಕಗಳಿಂದ.

ನಮ್ಮಲ್ಲೂ ನೋಡಿ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಹೋಯಿತು. ಯಾಕೆ ಜಾರಿತು ಎಂದರೆ ಮಳೆ, ತೂಕ, ಇಳಿಜಾರು. ಅದನ್ನು ಇಂಜಿನಿಯರ್ ಸಾಹೇಬರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಇಡೀ ಮಂಗಳೂರಿನ ಕಸ ಆ ಒಂದು ಗುಡ್ಡೆಗೇ ಯಾಕೆ ಹೋಗುತ್ತಿತ್ತು, ಬೇರೆ ವಾರ್ಡ್‌ನವರು "ನಮ್ಮಲ್ಲಿ ಬೇಡ" ಎಂದಾಗ ಅವರ ಮಾತು ಯಾಕೆ ನಡೆಯಿತು? ಅದು ನಮ್ಮ ಪಾಠ.

ಕೊನೆಗೆ ನಿಮಗೊಂದು ಪ್ರಶ್ನೆ, ಬಾವಿಕಟ್ಟೆಯವರೇ. ಹಾಳು ನೀರು ಅದೇ ತರಹದ ಓಣಿಗಳಲ್ಲಿ ಎಂದಿರಿ. ಅದು ನಿಮಗೆ ಹೇಗೆ ಗೊತ್ತು? ನಿಮ್ಮ ಲ್ಯಾಬ್‌ಗೆ ನೀರು ತರುವವರು ಯಾರು? ಒಮ್ಮೆ ರಿಜಿಸ್ಟರ್ ತೆಗೆದು ನೋಡಿ.

ದೋಹಾದಲ್ಲಿ ಇರುವವ

ಓದಲು ಚಂದ ಉಂಟು. ಎಂ.ಎ. ಮಾಡಿದರೆ ಊಟಕ್ಕೆ ಎಂತ? ಅದು ಯಾರೂ ಹೇಳುವುದಿಲ್ಲ.

ಮಲ್ಪೆ ಮಗಳು

ನಾನು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಎಂ.ಎ. ಮಾಡಿದವಳು. ಊಟದ ವಿಷಯ ಮೊದಲು ಮುಗಿಸುತ್ತೇನೆ, ದೋಹಾದವರು ಕಾಯುತ್ತಿದ್ದಾರೆ. 2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಅದರ ಕೆಳಗೆ ಜಾಗ ತೆಗೆದುಕೊಳ್ಳುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು. ಮನೆ ಮನೆಗೆ ಹೋಗಿ ಬರೆಯುವವರು ಬೇಕು. ಆ ಕಾಯ್ದೆಯಲ್ಲಿ ಜಾಗ ಇಲ್ಲದೆ ಮೂರು ವರ್ಷದಿಂದ ಅಲ್ಲೇ ದುಡಿದು ಬದುಕುವವರನ್ನೂ ಬಾಧಿತ ಕುಟುಂಬ ಎಂದು ಲೆಕ್ಕ ಹಿಡಿಯುತ್ತಾರೆ. ಅವರನ್ನು ಹುಡುಕಲು ಕಣ್ಣು ಬೇಕು, ಆರ್‌ಟಿಸಿಯಲ್ಲಿ ಅವರ ಹೆಸರು ಇರುವುದಿಲ್ಲ. ನಾನು ಮಾಡುವುದು ಅಂಥದ್ದೇ ಕೆಲಸ. ಸಂಬಳ ದೋಹಾದಷ್ಟು ಇಲ್ಲ. ಬಂಗುಡೆಗೆ ಸಾಕು, ಅಂಜಲ್‌ಗೆ ಸಾಲದು.

ಈಗ ಓದಿನ ಬಗ್ಗೆ. ಬಾವಿಕಟ್ಟೆ ಅಣ್ಣ, ಪರಿಸರ, ಅಸಮಾನತೆ ಎಂದು ಆಸೆಯಿಂದ ಹೋದರೆ ಮೊದಲ ವರ್ಷ ಬೋರ್ ಹೊಡೆಯುತ್ತದೆ. ಮಾರ್ಕ್ಸ್, ವೆಬರ್, ಡರ್ಕ್‌ಹೈಮ್. ಸತ್ತು ನೂರು ವರ್ಷ ಆದ ಗಡ್ಡದವರು. ಪರಿಸರದ ಹೆಸರೇ ಬರುವುದಿಲ್ಲ. ಸುಮ್ನೆ ಬಾಯಿಪಾಠ ಮಾಡಿ ಪಾಸಾದೆ. ಅದು ಅರ್ಥವಾದದ್ದು ಡಿಸರ್ಟೇಷನ್‌ಗೆ ನಮ್ಮದೇ ದಕ್ಕೆಗೆ (ಮೀನಿನ ಬೋಟ್ ನಿಲ್ಲುವಲ್ಲಿಗೆ) ಹೋದಾಗ.

ನನ್ನ ವಿಷಯ ಮೀನು ಮಾರುವ ಹೆಂಗಸರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳಿಗೆ ರಜೆ ಅಲ್ವಾ. ಆ ದಿನಗಳಲ್ಲಿ ಅವರಿಗೆ ತುಂಬಾ ಕಷ್ಟ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಪ್ರಶ್ನೆ ಬರೆದುಕೊಂಡು ಹೋದೆ. ನಾನು ಮಾತಾಡಿಸಿದ ಮೊದಲ ದೊಡ್ಡಮ್ಮನೇ ನಕ್ಕುಬಿಟ್ಟರು. "ರಜೆಯಲ್ಲಿ ನಾಡದೋಣಿ ಮೀನು ಬರುತ್ತದೆ, ಒಣಮೀನು ಇರುತ್ತದೆ. ಸ್ವಲ್ಪ ಬಂದರೂ ರೇಟ್ ಉಂಟು. ನಮಗೆ ಕಷ್ಟ ಮೀನು ಜಾಸ್ತಿ ಬಂದಾಗ" ಎಂದರು. ನನಗೆ ತಲೆಬುಡ ಅರ್ಥ ಆಗಲಿಲ್ಲ. ಮೀನು ಜಾಸ್ತಿ ಬಂದರೆ ಕಷ್ಟ ಹೇಗೆ?

ನಾಲ್ಕು ದಿನ ಬೆಳಿಗ್ಗೆ ಅವರ ಜೊತೆ ಏಲಂ ನಡೆಯುವಲ್ಲಿ ನಿಂತ ಮೇಲೆ ಗೊತ್ತಾಯಿತು. ಮೀನು ರಾಶಿ ಬಿದ್ದಾಗ ಏಲಂ ದೊಡ್ಡ ದೊಡ್ಡ ಲಾಟ್‌ನಲ್ಲಿ ನಡೆಯುತ್ತದೆ. ಲಾರಿಯವರು ಎತ್ತುತ್ತಾರೆ. ಸಣ್ಣ ಬೂತಾಯಿ ಮೀನು ಫಿಶ್‌ಮೀಲ್ (ಮೀನಿನ ಪುಡಿ) ಮಾಡಲು ಹೋಗುತ್ತದೆ. ಒಂದು ಬುಟ್ಟಿ ಬೇಕಾದವಳು ಅಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಐಸ್ ಅವಳೇ ಕೊಳ್ಳಬೇಕು. ಬುಟ್ಟಿ ಹತ್ತಿಸಿಕೊಳ್ಳದ ಬಸ್ಸು ಬೇರೆ. ಆಮೇಲೆ ರಿಕ್ಷಾ ಬಾಡಿಗೆ. ಕಡಲಿನಲ್ಲಿ ಮೀನು ಎಷ್ಟಿದೆ ಎನ್ನುವುದಕ್ಕೂ ಅವಳ ಬುಟ್ಟಿಗೆ ಎಷ್ಟು ಬರುತ್ತದೆ ಎನ್ನುವುದಕ್ಕೂ ನಡುವೆ ಇಷ್ಟು ಜನ ನಿಂತಿದ್ದಾರೆ.

ನಮ್ಮ ಅಜ್ಜ ರಂಪಣಿ ಎಳೆದವರು. ಉದ್ದದ ಬಲೆ, ದಡದಲ್ಲಿ ಸಾಲಾಗಿ ನಿಂತು ಊರೇ ಎಳೆಯುವುದು, ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಕಡಲಿನಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತುವ ಪರ್ಸೀನ್ ಬೋಟ್‌ಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಮುಗಿಯಿತು. ಮನೆಯಲ್ಲಿ ಇದನ್ನು "ಕಡಲು ಬತ್ತಿತು" ಎಂದು ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ನಿಜಕ್ಕೂ ಮೊದಲು ಬದಲಾದದ್ದು ಪಾಲು. ಬೋಟ್ ಮಾಡಿದವರಲ್ಲಿ ನಮ್ಮ ಜಾತಿಯವರೇ ಬೇಕಾದಷ್ಟು ಇದ್ದರು, ನಮ್ಮ ಮಾವನೂ ಒಬ್ಬರು. ಡಿಸರ್ಟೇಷನ್‌ನಲ್ಲಿ ಇದನ್ನು ಬರೆದೆ. ಮಾವ ಒಂದು ವರ್ಷ ಮಾತಾಡಲಿಲ್ಲ. ಕೋಲಿಫಾರ್ಮ್ ರಿಪೋರ್ಟ್ ಬರೆದರೆ ಮಾವ ಮಾತು ಬಿಡುವುದಿಲ್ಲ, ಸಮಾಜಶಾಸ್ತ್ರ ಬರೆದರೆ ಬಿಡುತ್ತಾರೆ. ಅದಕ್ಕೂ ತಯಾರಾಗಿ.

ಆಮೇಲೆ ಆ ಗಡ್ಡದವರನ್ನು ಮತ್ತೆ ಓದಿದೆ. ಆಗ ಹಿಡಿಸಿತು. ಮಾರ್ಕ್ಸ್ ಮಣ್ಣಿನ ಬಗ್ಗೆ ಬರೆದದ್ದು ಗೊತ್ತುಂಟಾ? ಹಳ್ಳಿಯ ಮಣ್ಣಿನ ಸತ್ವ ಧಾನ್ಯದ ಜೊತೆ ಪೇಟೆಗೆ ಹೋಗುತ್ತದೆ, ಪೇಟೆಯಲ್ಲಿ ಕೊಳೆಯಾಗಿ ಹೊಳೆಗೆ ಬೀಳುತ್ತದೆ, ಮಣ್ಣಿಗೆ ವಾಪಸ್ ಬರುವುದಿಲ್ಲ ಎಂದು. ನಮ್ಮ ಬೂತಾಯಿ ಹಿಂದೆ ತೆಂಗಿನ ಬುಡಕ್ಕೆ ಗೊಬ್ಬರ ಆಗುತ್ತಿತ್ತು, ಈಗ ಎಲ್ಲಿಗೋ ಹೋಗುತ್ತದೆ. 1995ರ ಜುಲೈಯಲ್ಲಿ ಶಿಕಾಗೋದಲ್ಲಿ ಬಿಸಿಗಾಳಿಗೆ 700ಕ್ಕಿಂತ ಹೆಚ್ಚು ಜನ ಸತ್ತರು. ಸೆಖೆ ಎಲ್ಲರಿಗೂ ಒಂದೇ, ಸತ್ತವರಲ್ಲಿ ಜಾಸ್ತಿ ಒಂಟಿ ಮುದುಕರು, ಬಡವರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಅದನ್ನು ಬೀದಿ ಬೀದಿ ಹಿಡಿದು ಹೇಳಿದ್ದಾರೆ. ಇಂಥದ್ದು ಓದಲು ಸಿಕ್ಕಿದರೆ ಬಿಡಬೇಡಿ.

ಕೋರ್ಸ್ ವಿಷಯ: ದೂರಶಿಕ್ಷಣದ ಇಗ್ನೋದಲ್ಲಿ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಎಂ.ಎ.ಗೆ ಯಾವ ಡಿಗ್ರಿ ಆದರೂ ಆಗುತ್ತದೆ, ನಿಮ್ಮ ಬಿ.ಎಸ್ಸಿ. ಸಾಕು. ಬರೆಯುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡದಲ್ಲಿ ಬರೆಯಬೇಕು ಎಂದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಇಗ್ನೋ ಪಾಠಗಳು ಇ-ಜ್ಞಾನಕೋಶ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಇವೆ, ಸೇರುವ ಮೊದಲೇ ಓದಿ ನೋಡಬಹುದು. ಮೊದಲು ಸಂಶೋಧನಾ ವಿಧಾನದ ಪೇಪರ್ ತೆಗೆಯಿರಿ. ಥಿಯರಿಯಿಂದ ಶುರು ಮಾಡಿದರೆ ಎರಡನೇ ವಾರ ಮದುವೆಗೆ ಒಪ್ಪಿಬಿಡುತ್ತೀರಿ.

ಸೈಟ್ ಇಂಜಿನಿಯರ್ (ಕದ್ರಿ)

ಮಾಸ್ಟ್ರೆ, ಮೂರು ಸೆಂಟ್ಸ್ ಲೆಕ್ಕ ನಾನೂ ಪೇಪರ್‌ನಲ್ಲಿ ಹಾಕಿ ನೋಡಿದೆ. ಸರಿ ಇದೆ. ಇಷ್ಟು ವರ್ಷ ಆ ನಿಯಮ ಹೇಳಿಕೊಂಡು ಬಂದೆ, ಜಾಗಕ್ಕೆ ಹಿಡಿದು ನೋಡಿರಲಿಲ್ಲ. ಆದರೂ ಒಂದು ಮಾತು. ನಾಲ್ಕು ಮನೆಗೆ ಸೇರಿ ಒಂದೇ ಗುಂಡಿ ಕೆಳಬದಿಗೆ ಮಾಡಿದರೆ ಬಾವಿ ಉಳಿಯುತ್ತದೆ. ಚರಿತ್ರೆ ಓದುತ್ತಾ ಕೂತರೆ ಮಕ್ಕಳ ಹೊಟ್ಟೆ ಸರಿಯಾಗುವುದಿಲ್ಲ.

ನಿವೃತ್ತ ಮಾಸ್ಟ್ರು (ಉಡುಪಿ)

ಒಪ್ಪಿದೆ. ಆ ನಾಲ್ಕು ಮನೆಯವರಿಗೂ ಅದು ಹೊಳೆಯದೇ ಇರುವ ಉಪಾಯ ಅಲ್ಲ. ಕೆಳಬದಿಯ ಜಾಗ ಯಾರದ್ದು ಎಂದು ಕೇಳಿ ನೋಡಿ.

ಬಾವಿಕಟ್ಟೆ (ಕಾಟಿಪಳ್ಳ)

ಹತ್ತು ದಿನ ಆಯಿತು, ಉತ್ತರ ಬರೆಯಲು ತಡವಾಯಿತು. ಎಲ್ಲರಿಗೂ ಥ್ಯಾಂಕ್ಸ್.

ಮಾಸ್ಟ್ರು ಹೇಳಿದ ಹಾಗೆ ರಿಜಿಸ್ಟರ್ ತೆಗೆದು ನೋಡಿದೆ. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಕೂತು ಕಳೆದ ಮಳೆಗಾಲದ ಎಂಟ್ರಿ ಒಂದೊಂದೇ ಓದಿದೆ. ಅಪಾರ್ಟ್‌ಮೆಂಟ್, ಹೋಟೆಲ್, ಹಾಸ್ಟೆಲ್, ಐಸ್ ಪ್ಲಾಂಟ್, ಶಾಲೆ, ಹೊಸ ಮನೆ ಕಟ್ಟಿದವರು. ಕಾಲೊನಿಯದ್ದು ಒಂದೂ ಇಲ್ಲ. ನಾನು "ಹಾಳು ನೀರು ಅದೇ ತರಹದ ಓಣಿಗಳಲ್ಲಿ" ಎಂದು ಅಷ್ಟು ಧೈರ್ಯದಲ್ಲಿ ಬರೆದೆನಲ್ಲ, ನನ್ನ ಹತ್ತಿರ ಆ ಓಣಿಗಳ ಒಂದು ರಿಪೋರ್ಟೂ ಇರಲಿಲ್ಲ. ಆರು ವರ್ಷದಲ್ಲಿ ನಾನು ನೋಡಿದ್ದು ಹಣ ಕೊಡಬಲ್ಲವರ ನೀರು. ನನ್ನ ಹತ್ತಿರ ಇರುವ ಅಂಕಿ ಎಲ್ಲ ಸರಿಯಾದ ಅಂಕಿಯೇ. ಆದರೆ ನಾಳೆ ಯಾರಾದರೂ ಆ ರಿಜಿಸ್ಟರ್ ಇಟ್ಟುಕೊಂಡು ಮಂಗಳೂರಿನ ಬಾವಿ ನೀರು ಹೇಗಿದೆ ಎಂದು ಬರೆದರೆ ಆ ಅಜ್ಜಿಯ ಬಾವಿ ಇಲ್ಲವೇ ಇಲ್ಲ.

ಎರಡನೆಯದು ಹೇಳಲು ಸ್ವಲ್ಪ ಕಷ್ಟ. ನಮ್ಮ ಅಜ್ಜಿಯನ್ನು ಪಣಂಬೂರಿನ ಬಗ್ಗೆ ಕೇಳಿದೆ. ಅವರಿಗೆ ಖುಷಿ, ಗಾಳಿಮರ, ಹೊಯಿಗೆ, ಅಂಗಳದಲ್ಲಿ ಮೀನು ಒಣಗಿಸಿದ್ದು ಎಲ್ಲ ಹೇಳಿದರು. ನಾನು ಹಿಂದೆಲ್ಲ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಈ ಸಲ ನಮ್ಮ ಮನೆಯ ಆಚೆ ಯಾರಿದ್ದರು, ಅದರಾಚೆ ಯಾರಿದ್ದರು ಎಂದು ಕೇಳುತ್ತಾ ಹೋದೆ. ತೆಂಗಿನ ತೋಟದ ಕೊನೆಯಲ್ಲಿ ಎರಡು ಗುಡಿಸಲು ಇತ್ತಂತೆ. ಬುಟ್ಟಿ ಹೆಣೆಯುತ್ತಿದ್ದರು, ದನ ಸತ್ತರೆ ಕರೆಯುತ್ತಿದ್ದರು. ಅವರು ಎಲ್ಲಿಗೆ ಹೋದರು ಎಂದು ಕೇಳಿದೆ. "ಅವರಿಗೆ ಎಲ್ಲಿಂದ ಸಿಗುತ್ತದೆ, ಕಾಗದ ಬೇಡವಾ?" ಎಂದರು ಅಜ್ಜಿ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು, ಅಷ್ಟು ಸಲೀಸಾಗಿ. ಅವರ ಹೆಸರು ಕೇಳಿದೆ. ನೆನಪಿಲ್ಲ.

ನಾವು ಜಾಗ ಕಳೆದುಕೊಂಡವರು ಎಂದೇ ನಾನು ಬೆಳೆದದ್ದು. ಅದು ಸುಳ್ಳಲ್ಲ. ಕಾಗದ ಇದ್ದು ಕಳೆದುಕೊಂಡವರು ನಾವು.

ಮಾಧವ ಗಾಡ್ಗೀಳ್, ರಾಮಚಂದ್ರ ಗುಹಾ ನಮ್ಮ ದೇಶದ ಜನರನ್ನು ಮೂರು ಗುಂಪು ಮಾಡಿದ್ದನ್ನು ಓದಿದೆ. ಸುತ್ತಲಿನ ಕಡಲು ಕಾಡನ್ನೇ ನಂಬಿ ಬದುಕುವವರು, ಎಲ್ಲೆಲ್ಲಿಂದಲೋ ತರಿಸಿ ತಿನ್ನುವವರು, ಇದ್ದಲ್ಲಿಂದ ಒಕ್ಕಲೆದ್ದು ನಿರಾಶ್ರಿತರಾದವರು. ಓದುತ್ತಾ ನಗು ಬಂತು. ಅಜ್ಜಿ ಮೊದಲನೆಯದರಿಂದ ಮೂರನೆಯದಕ್ಕೆ ಬಂದವರು. ನಾನು ಆನ್‌ಲೈನ್‌ನಲ್ಲಿ ಸೇಬು ತರಿಸಿ ತಿನ್ನುವವ. ಮೂರೂ ಗುಂಪು ನಮ್ಮ ಒಂದೇ ಚಾವಡಿಯಲ್ಲಿ ಕೂತು ಟಿ.ವಿ. ನೋಡುತ್ತೇವೆ. ಆ ಎರಡು ಗುಡಿಸಲಿನವರು ಯಾವ ಗುಂಪಿಗೆ ಸೇರುತ್ತಾರೆ ಎಂದು ಆ ಪಟ್ಟಿ ಹಿಡಿದು ಹೇಳಲು ನನಗೆ ಆಗಲಿಲ್ಲ. ಅವರಿಗೆ ಬಿಟ್ಟು ಹೋಗಲು ಜಾಗವೇ ಇರಲಿಲ್ಲವಲ್ಲ.

ಮೂರನೆಯದು. ನೀರಿಗೆ ಪಾಯಿಖಾನೆ ಸೇರಿದೆಯಾ ಎಂದು ಸುಮಾರಿಗೆ ನೋಡಲು ಲ್ಯಾಬ್ ಬೇಕೇ ಬೇಕು ಎಂದಿಲ್ಲ, ಎಚ್‌ಟೂಎಸ್ ವಯಲ್ ಸಾಕಾಗುತ್ತದೆ. ಕೆಮಿಸ್ಟ್ರಿ ಓದಿದ ನನಗೆ ಅದು ಆಗಲೇ ನೆನಪಾಗಬೇಕಿತ್ತು. ಸಣ್ಣ ಬಾಟ್ಲಿ, ನೀರು ತುಂಬಿಸಿ ಇಟ್ಟರೆ ಒಂದೆರಡು ದಿನದಲ್ಲಿ ಕಪ್ಪಾದರೆ ನೀರಿಗೆ ಪಾಯಿಖಾನೆ ಸೇರಿದೆ ಎಂಬ ಸೂಚನೆ. ಎಷ್ಟು ಎಂದು ಹೇಳುವುದಿಲ್ಲ, ಉಂಟಾ ಇಲ್ಲವಾ ಅಷ್ಟೇ. ನಾಲ್ಕು ವಯಲ್ ನಾನೇ ದುಡ್ಡು ಕೊಟ್ಟು ತಂದೆ. ಕಳೆದ ಭಾನುವಾರ ಹೋಗಿ ಕಾಲೊನಿಯ ಅಜ್ಜಿಯ ಬಾವಿಯದ್ದು ಎರಡು, ತೋಡಿನಾಚೆಯ ಇನ್ನೊಂದು ಬಾವಿಯದ್ದು ಎರಡು ತುಂಬಿಸಿದೆ. ಮನೆಗೆ ತಂದು ಅಡುಗೆಕೋಣೆಯ ಶೆಲ್ಫ್‌ನಲ್ಲಿ ಇಟ್ಟೆ, ಅಲ್ಲಿ ಬೆಚ್ಚಗೆ ಇರುತ್ತದೆ. ಮರುದಿನ ಸಂಜೆ ಅಮ್ಮ ಲ್ಯಾಬ್‌ಗೆ ಫೋನ್ ಮಾಡಿ "ನಿನ್ನ ನಾಲ್ಕು ಬಾಟ್ಲಿಯೂ ಡಾಮರು ಆಗಿದೆ, ಸಾಸಿವೆ ಡಬ್ಬಿ ಹತ್ತಿರದಿಂದ ಮೊದಲು ತೆಗಿ" ಎಂದರು.

ಬುಧವಾರ ಕೆಲಸ ಮುಗಿಸಿ ಹೋಗಿ ಅಜ್ಜಿಗೆ ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಕುದಿಸಿ ಕುಡಿಯಿರಿ ಎಂದೆ. "ಗ್ಯಾಸ್‌ಗೆ ನೀವು ಕೊಡ್ತೀರಾ? ಸೌದೆಗೆ ಮೇಲಿನವರ ಗುಡ್ಡೆಗೆ ಕಾಲಿಡುವ ಹಾಗಿಲ್ಲ" ಎಂದರು. ಸಿಟ್ಟಿನಲ್ಲಿ ಅಲ್ಲ, ಸುಮ್ಮನೆ ಲೆಕ್ಕ ಹೇಳಿದ ಹಾಗೆ. ಇಂಜಿನಿಯರ್ ಸಾಹೇಬರು ಹೇಳಿದ ಒಂದೇ ಗುಂಡಿಯ ವಿಷಯವನ್ನೂ ಕೇಳಿದೆ. ಮಾಸ್ಟ್ರು ಹೇಳಿದ್ದು ಸರಿ, ಅದು ಅವರಿಗೆ ಗೊತ್ತೇ ಇದೆ. ಕೆಳಬದಿಯ ಜಾಗ ಅಪಾರ್ಟ್‌ಮೆಂಟ್ ಕಟ್ಟಿದವರದ್ದು.

ಅಡ್ಮಿಷನ್‌ಗೆ ಅರ್ಜಿ ಹಾಕಿದ್ದೇನೆ, ಇಗ್ನೋ. ಅಮ್ಮನಿಗೆ ಇನ್ನೂ ಹೇಳಿಲ್ಲ. ಮಲ್ಪೆ ಅಕ್ಕ, ಸ್ಕ್ರೀನ್‌ನಲ್ಲಿ ಓದಿ ನನಗೆ ತಲೆಗೆ ಹೋಗುವುದಿಲ್ಲ. ಸಂಶೋಧನಾ ವಿಧಾನದ ಹಳೆ ಪುಸ್ತಕ ಯಾರ ಹತ್ತಿರವಾದರೂ ಉಂಟಾ?

ಮಲ್ಪೆ ಮಗಳು

ತಂಗಿ ಇಗ್ನೋದಲ್ಲಿ ಸೇರಿ ಅರ್ಧಕ್ಕೆ ಬಿಟ್ಟದ್ದು ಉಂಟು, ಅಟ್ಟದಲ್ಲಿ ಇದೆ. ಒರಲೆ ಹಿಡಿಯದಿದ್ದರೆ ನಿಮ್ಮದು.

ಆ ಕಾಲೊನಿ ಗ್ರಾಮ ಪಂಚಾಯತ್‌ಗೆ ಸೇರಿದ್ದಾ? ಹಾಗಾದರೆ ಒಂದು ಕೆಲಸ ಮಾಡಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಹೆಂಗಸರಿಗೆ ನೀರು ಟೆಸ್ಟ್ ಮಾಡಲು ಕಲಿಸಬೇಕು ಎಂದು ಉಂಟು, ಕಿಟ್ ಕೂಡ ಕೊಡಬೇಕು. ಆ ಐದು ಹೆಂಗಸರು ಯಾರು ಎಂದು ಪಂಚಾಯತ್‌ನಲ್ಲಿ ಕೇಳಿ. ಹೆಸರು ಸಿಕ್ಕಿದ ಮೇಲೆ ಅವರ ಮನೆ ಗುಡ್ಡೆಯ ಮೇಲಾ ಕೆಳಗಾ ನೋಡಿ.

ಬಾವಿಕಟ್ಟೆ (ಕಾಟಿಪಳ್ಳ)

ಪಂಚಾಯತೇ ಅಕ್ಕ. ಸೋಮವಾರ ಅರ್ಧ ದಿನ ರಜೆ ಹಾಕುತ್ತೇನೆ. ಪುಸ್ತಕಕ್ಕೆ ಭಾನುವಾರ ಬರಲಾ?

ಮಲ್ಪೆ ಮಗಳು

ಬನ್ನಿ, ಬೆಳಿಗ್ಗೆ ಬೇಗ ಬಂದರೆ ಏಲಂ ಕೂಡ ನೋಡಬಹುದು. ಐಸ್ ಬಾಕ್ಸ್ ತನ್ನಿ, ಹೇಗೂ ಇದೆಯಲ್ಲ.